ನಡುಕದ ರೋಗವೂ ನಡುಗುವ ಕುರ್ಚಿಯೂ

ಹೋದ ತಿಂಗಳು ನಮ್ಮ ಸ್ನೇಹಿತರೊಬ್ಬರು ಮನೆಗೆ ಬಂದು, ಮೊಬೈಲಿನಲ್ಲಿ ಒಂದು ಚಲಚ್ಚಿತ್ರವನ್ನು ನಮಗೆ ತೋರಿಸಿದರು. ಅದರಲ್ಲಿ ಒಬ್ಬ ವೃದ್ಧನ ಕೈ ಗಡಗಡನೆ ನಡುಗುತ್ತಲಿದ್ದಿತು. ಯಾರೋ ಬಂದು ಅವನ ಕೈಗೆ ಕಂಪಿಸುವ ಯಂತ್ರವೊಂದನ್ನು ಕಟ್ಟಿದರು. ನಾಲ್ಕಾರು ಕ್ಷಣಗಳಲ್ಲಿ ಆ ಕೈ ಗಾಳಿಯಿಲ್ಲದೆಡೆಯ ದೀಪದಂತೆ ನಿಂತುಬಿಟ್ಟಿತು. ಸ್ನೇಹಿತರ ತಂದೆಯವರು ನಿವೃತ್ತ ಉಪಾಧ್ಯಾಯರು; ಅವರಿಗೆ ಪಾರ್ಕಿನ್‌ಸನ್ ರೋಗದ ಆರಂಭವಾಗಿದೆಯೆಂದು ವೈದ್ಯರು ಹೇಳಿ ಇನ್ನೂ ಆರು ತಿಂಗಳಾಗಿಲ್ಲ. “ಮಾತ್ರೆ ಬೇಡ, ಶಸ್ತ್ರ ಬೇಡ, ಬರಿಯ ಕಂಪನದಿಂದಲೇ ಗುಣವಂತೆ. ಬೆಲೆಯೇನೋ ಬಹಳ. ಸಾಲ ಮಾಡಿಯಾದರೂ ತರಿಸಲೇ?” ಎಂಬುದು ಅವರ ಪ್ರಶ್ನೆ. ನಮಗೆ ಒಡನೆ ಉತ್ತರ ತೋಚಲಿಲ್ಲ. ಇಂತಹ ಪ್ರಶ್ನೆಯು ಇಂದು ಅನೇಕ ಮನೆಗಳಲ್ಲಿ ಏಳುತ್ತಿರಬಹುದಾದ ಕಾರಣ, ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿರುವೆವು.

ಈ ರೋಗವನ್ನು ವಿಶದವಾಗಿ ವರ್ಣಿಸಿದವನು ಲಂಡನ್ನಿನ ಜೇಮ್ಸ್ ಪಾರ್ಕಿನ್‌ಸನ್ ಎಂಬ ವೈದ್ಯನು. 1817ರಲ್ಲಿ ಅವನು ಬರೆದ ಪ್ರಬಂಧಕ್ಕೆ ಆಧಾರವಾದವರು ಆರೇ ಮಂದಿ. ಅವರಲ್ಲಿಯೂ ಕೆಲವರನ್ನು ಅವನು ಕಂಡುದು ಬೀದಿಯಲ್ಲಿ. ಮಿದುಳಿನ ಕಾಂಡದಲ್ಲಿ ಕಪ್ಪು ಬಣ್ಣದ ಒಂದು ಪುಟ್ಟ ಭಾಗವಿರುವುದು. ಅಲ್ಲಿಯ ಜೀವಕೋಶಗಳು ಡೋಪಮಿನ್ ಎಂಬ ರಸವನ್ನು ತಯಾರಿಸುವುವು. ಕೈಕಾಲುಗಳ ಚಲನೆ ಸಲೀಸಾಗಿ ನಡೆಯಬೇಕಾದರೆ ಈ ರಸವು ಬೇಕೇ ಬೇಕು. ಆ ಕೋಶಗಳು ಮೆಲ್ಲಮೆಲ್ಲನೆ ನಶಿಸುತ್ತ ಬರುವುದೇ ಈ ರೋಗದ ಮೂಲ.

ಜನರು ಇದನ್ನು ನಡುಕದ ರೋಗವೆಂದೇ ಕರೆಯುವರಾದರೂ ನಡುಕವು ಎಲ್ಲ ರೋಗಿಗಳಲ್ಲಿಯೂ ಇರುವುದಿಲ್ಲ. ಒಗ್ಗರಣೆಯ ವಾಸನೆ ಮೂಗಿಗೆ ತಿಳಿಯದೆ ಹೋಗುವುದು, ಮಲಬದ್ಧತೆ, ನಡೆಯುವಾಗ ಒಂದು ಕೈ ಬೀಸದೆ ಮೈಗೆ ಅಂಟಿಕೊಂಡಂತಿರುವುದು, ಬರೆಯುತ್ತ ಬರೆಯುತ್ತ ಅಕ್ಷರಗಳು ಸಾಸಿವೆಯಷ್ಟಾಗುವುದು, ಇವು ನಡುಕಕ್ಕಿಂತ ಮೊದಲೇ ಕಾಣಿಸಿಕೊಳ್ಳಬಹುದು. ನಮ್ಮ ಸ್ನೇಹಿತರ ಮನೆಯಲ್ಲಿ ಇದನ್ನು ಮೊದಲು ಗಮನಿಸಿದವರು ಅವರ ಪತ್ನಿ. ಹಾಲಿನ ಲೆಕ್ಕದ ಪುಸ್ತಕದಲ್ಲಿ ಮಾವನವರ ದುಂಡಾದ ಅಕ್ಷರವು ತಿಂಗಳಿಂದ ತಿಂಗಳಿಗೆ ಕಿರಿದಾಗುತ್ತಿದ್ದುದು ಆಕೆಯ ಕಣ್ಣಿಗೆ ಬಿದ್ದಿತು. ಗಂಡಸರಾರಿಗೂ ಅದು ಹೊಳೆದಿರಲಿಲ್ಲ! ಮತ್ತೊಂದು ಮಾತು. ಕಾಫಿಯ ಲೋಟವನ್ನು ಎತ್ತುವಾಗ ಮಾತ್ರ ನಡುಗುವ ಕೈ ಬೇರೆ. ತೊಡೆಯ ಮೇಲೆ ಸುಮ್ಮನಿರಿಸಿದಾಗ ನಡುಗಿ, ಲೋಟವನ್ನು ಹಿಡಿಯಹೋದೊಡನೆ ತಗ್ಗುವ ಕೈ ಬೇರೆ. ಎರಡನೆಯದೇ ಸಾಮಾನ್ಯವಾಗಿ ಈ ರೋಗದ ಗುರುತು. ಆದರೆ ಇದನ್ನು ಮನೆಯಲ್ಲಿಯೇ ತೀರ್ಮಾನಿಸದೆ ವೈದ್ಯರಿಗೆ ಬಿಡತಕ್ಕದ್ದು.

ಇನ್ನು ಕಂಪನದ ಚಿಕಿತ್ಸೆಯ ವಿಚಾರ. ಇದು ನಿನ್ನೆ ಮೊನ್ನೆಯ ಹೊಸ ಶೋಧವೆಂದು ನಾವೂ ಭಾವಿಸಿದ್ದೆವು. ನೋಡಿದರೆ ಇದಕ್ಕೆ ನೂರಮೂವತ್ತು ವರ್ಷಗಳಿಗೂ ಮೀರಿದ ಇತಿಹಾಸವಿರುವುದು. ಆ ಕಾಲದಲ್ಲಿ ಪ್ಯಾರಿಸ್ ನಗರದ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಷಾರ್ಕೋ ಎಂಬ ಮಹಾವೈದ್ಯನಿದ್ದನು. ಈ ರೋಗಕ್ಕೆ ಪಾರ್ಕಿನ್‌ಸನ್ನನ ಹೆಸರನ್ನೇ ಇಡತಕ್ಕದ್ದೆಂದು ಹೇಳಿದವನು ಇವನೇ. ರೋಗಿಗಳು ಹೇಳಿದುದನ್ನು ತಳ್ಳಿಹಾಕದೆ ಕೇಳುವುದು ಈ ಪಂಡಿತನಲ್ಲಿದ್ದ ಒಂದು ದೊಡ್ಡ ಗುಣ. ದೂರದ ಊರುಗಳಿಂದ ರೈಲಿನಲ್ಲಿಯೋ ಕುದುರೆಯ ಗಾಡಿಯಲ್ಲಿಯೋ ಬಂದ ಅವನ ರೋಗಿಗಳು ವಿಚಿತ್ರವಾದ ಒಂದು ಸಂಗತಿಯನ್ನು ತಿಳಿಸುತ್ತಿದ್ದರು. ಆರೋಗ್ಯವಂತರು ಪ್ರಯಾಣದಿಂದ ಮೈಕೈ ನೊಂದು ಇಳಿದರೆ, ಇವರು ಹಗುರವಾಗಿ ಇಳಿಯುತ್ತಿದ್ದರು! ಗಾಡಿ ಎಷ್ಟು ಕುಲುಕಿದರೆ ಅಷ್ಟು ಸುಖ. ಒಬ್ಬನಂತೂ ಕಲ್ಲು ಸಾಗಿಸುವ ಭಾರಿ ಬಂಡಿಯಲ್ಲಿ ಕುಳಿತು ಗಂಟೆಗಟ್ಟಲೆ ಸುತ್ತುವ ಯೋಚನೆಯನ್ನು ಮಾಡಿದನು.

ಷಾರ್ಕೋ ಇದನ್ನು ಕೇಳಿ ನಗಲಿಲ್ಲ. ವಿದ್ಯುತ್ತಿನಿಂದ ನಡೆಯುವ, ಕುಳಿತವರನ್ನು ಬೇಗಬೇಗನೆ ಅಲುಗಿಸುವ ಒಂದು ಕುರ್ಚಿಯನ್ನೇ ಮಾಡಿಸಿದನು. ಅದರಲ್ಲಿ ಕೆಲವು ದಿನ ಕುಳಿತ ರೋಗಿಗಳಿಗೆ ಮೈಯ ಬಿಗುವು ಸಡಿಲವಾಯಿತು, ನಡಿಗೆ ಸುಲಭವಾಯಿತು, ರಾತ್ರಿಯ ನಿದ್ರೆ ಚೆನ್ನಾಯಿತು. ಕೈ ನಡುಕ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ಇದನ್ನು ಅವನು 1892ರಲ್ಲಿ ಪ್ರಕಟಪಡಿಸಿದನು. ಅವನ ಶಿಷ್ಯ ಜಿಲ್ ದ ಲಾ ತುರೆಟ್ ಎಂಬವನು ತಲೆಗೆ ಹಾಕುವ ಕಂಪಿಸುವ ಶಿರಸ್ತ್ರಾಣವನ್ನೂ ಸಿದ್ಧಪಡಿಸಿದನು. ಆದರೆ 1893ರಲ್ಲಿ ಷಾರ್ಕೋ ತೀರಿಕೊಂಡನು. ಕುರ್ಚಿಯು ಮೂಲೆಗೆ ಬಿದ್ದಿತು.

ಅದನ್ನು ಮರಳಿ ಪರೀಕ್ಷೆಗೆ ತಂದವರು ಅಮೆರಿಕೆಯ ಷಿಕಾಗೋ ನಗರದ ರಷ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗೆಟ್ಸ್ ಮತ್ತು ಅವರ ಸಂಗಡಿಗರು. 2012ರಲ್ಲಿ ಪ್ರಕಟವಾದ ಇವರ ಪರೀಕ್ಷೆಯಲ್ಲಿ 23 ಮಂದಿ ರೋಗಿಗಳಿದ್ದರು. ಕೆಲವರು ಕುಳಿತ ಕುರ್ಚಿ ಕಂಪಿಸುತ್ತಿತ್ತು, ಉಳಿದವರದು ಕಂಪಿಸುತ್ತಿರಲಿಲ್ಲ. ಹಿತವಾದ ಧ್ವನಿಗಳನ್ನು ಮಾತ್ರ ಎರಡು ಗುಂಪಿನವರಿಗೂ ಕೇಳಿಸಿದರು. ಕಂಪಿಸುವ ಕುರ್ಚಿಯವರಿಗೆ ಗುಣ ಕಂಡಿತೇ? ಕಂಡಿತು. ಆದರೆ ಸುಮ್ಮನಿದ್ದ ಕುರ್ಚಿಯವರಿಗೂ ಸರಿಸುಮಾರು ಅಷ್ಟೇ ಗುಣ ಕಂಡಿತು!

ಹಾಗಾದರೆ ಷಾರ್ಕೋವಿನ ರೋಗಿಗಳು ಸುಳ್ಳು ಹೇಳಿದರೇ? ಹಾಗಲ್ಲವೆಂದೇ ನಮ್ಮ ಅಭಿಪ್ರಾಯ. 2001ರಲ್ಲಿ ಕೆನಡಾ ದೇಶದ ವ್ಯಾಂಕೂವರ್ ನಗರದ ಸಂಶೋಧಕರು ಈ ರೋಗದವರಿಗೆ ಔಷಧವೆಂದು ನಂಬುವಂತೆ ಔಷಧವಿಲ್ಲದ ಸೂಜಿಯನ್ನು ಚುಚ್ಚಿ, ಯಂತ್ರದ ಮೂಲಕ ಮಿದುಳನ್ನು ಪರೀಕ್ಷಿಸಿದರು. ಗುಣವಾಗುವುದೆಂಬ ನಿರೀಕ್ಷೆಯಿಂದಲೇ ಮಿದುಳಿನಲ್ಲಿ ಡೋಪಮಿನ್ ರಸವು ಬಿಡುಗಡೆಯಾದುದು ಕಂಡುಬಂದಿತು. ಯಾವ ರಸದ ಕೊರತೆಯಿಂದ ರೋಗವುಂಟಾಗಿದೆಯೋ ಅದೇ ರಸ! ಅಂದಮೇಲೆ ಈ ರೋಗದಲ್ಲಿ ನಂಬಿಕೆಯಿಂದ ಬಂದ ಉಪಶಮನವೂ ದೇಹದಲ್ಲಿ ನಿಜವಾಗಿ ನಡೆದುದೇ. ಅದು ತಾತ್ಕಾಲಿಕ ಮಾತ್ರ. ಅಷ್ಟಕ್ಕಾಗಿ ಸಾಲ ಮಾಡಬೇಕೇ ಎಂಬುದೇ ಪ್ರಶ್ನೆ.

ಕಂಪನದ ಉಪಕರಣಗಳು ಈಗ ನಾನಾ ವಿಧವಾಗಿವೆ. ನಿಂತುಕೊಳ್ಳುವ ಕಂಪಿಸುವ ಹಲಗೆಯೊಂದು. 2006ರಲ್ಲಿ ಜರ್ಮನಿಯವರು 68 ರೋಗಿಗಳನ್ನು ಅದರ ಮೇಲೆ ನಿಲ್ಲಿಸಿ ಒಳ್ಳೆಯ ಫಲವನ್ನು ಕಂಡರು. ಆದರೆ ಅಲ್ಲಿ ಹೋಲಿಸಿ ನೋಡಿದುದು ಬರಿಯ ವಿಶ್ರಾಂತಿಯೊಡನೆ. 2009ರಲ್ಲಿ ಸ್ಪೇನಿನವರು ಹುಸಿ ಚಿಕಿತ್ಸೆಯೊಡನೆ ಹೋಲಿಸಿದಾಗ ಭೇದವು ಕಾಣದೆ ಹೋಯಿತು. ಸಮತೋಲ ತಪ್ಪಿ ಬೀಳುವ ಸಂಭವವಿರುವ ವೃದ್ಧರು ವೈದ್ಯರನ್ನು ಕೇಳದೆ ಇಂತಹ ಹಲಗೆಯನ್ನು ಹತ್ತಲೇಬಾರದು.

ನಮಗೆ ಹೆಚ್ಚು ಕುತೂಹಲ ಹುಟ್ಟಿಸಿದುದು ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಟಾಸ್ ಎಂಬವರ ಕೈಗವಸು. ಈ ರೋಗದಲ್ಲಿ ಮಿದುಳಿನ ಕೆಲವು ಕೋಶಸಮೂಹಗಳು ತಮ್ಮ ತಮ್ಮ ಕೆಲಸವನ್ನು ಬಿಟ್ಟು, ಭಜನೆಯಲ್ಲಿ ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟುವಂತೆ ಒಂದೇ ತಾಳಕ್ಕೆ ಬೀಳುವುವು. ಒಬ್ಬೊಬ್ಬರ ಭುಜವನ್ನು ಬೇರೆ ಬೇರೆ ಗಳಿಗೆಯಲ್ಲಿ ತಟ್ಟುತ್ತ ಹೋದರೆ ಆ ತಾಳ ಕೆಡುವುದಷ್ಟೆ? ಹಾಗೆಯೇ ಈ ಕೈಗವಸು ಬೆರಳುಗಳ ತುದಿಯನ್ನು ಒಂದಾದಮೇಲೊಂದರಂತೆ, ಕ್ರಮವನ್ನು ಬದಲಿಸುತ್ತ ಕಂಪಿಸುವಂತೆ ಮಾಡಿ ಕೋಶಗಳ ಒಗ್ಗಟ್ಟನ್ನು ಮುರಿಯಲೆತ್ನಿಸುವುದು. ಯುಕ್ತಿಯೇನೋ ಸೊಗಸಾಗಿದೆ. ಆದರೆ 2021ರಲ್ಲಿ ಹೊರಬಿದ್ದ ಅನುಕೂಲ ಫಲಗಳು ಬೆರಳೆಣಿಕೆಯ ರೋಗಿಗಳವು. ಹುಸಿ ಕೈಗವಸಿನೊಡನೆ ಹೋಲಿಸಿದವಲ್ಲ.

ಸ್ನೇಹಿತರಿಗೆ ನಾವು ಹೇಳಿದುದಿಷ್ಟೆ: ಯಂತ್ರವನ್ನು ಮಾರುವವರನ್ನು, “ಸುಮ್ಮನಿದ್ದ ಕುರ್ಚಿಯವರಿಗೆ ಏನಾಯಿತು?” ಎಂದು ಕೇಳಿರಿ. ಅವರಿಗೆ ಪ್ರಶ್ನೆಯೇ ಅರ್ಥವಾಗದಿದ್ದರೆ ಹಣವನ್ನು ಕೈಯಲ್ಲಿಯೇ ಇಟ್ಟುಕೊಳ್ಳಿರಿ. ವೈದ್ಯರು ಲೆವೊಡೋಪಾ ಮುಂತಾದ ಔಷಧವನ್ನು ಕೊಟ್ಟಿದ್ದರೆ ಯಾವ ಯಂತ್ರವನ್ನು ನಂಬಿಯೂ ಅದನ್ನು ತಾನಾಗಿ ನಿಲ್ಲಿಸಬಾರದು. ಥಟ್ಟನೆ ನಿಲ್ಲಿಸುವುದು ಅಪಾಯಕರ. ಸಂದೇಹವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಕಡೆ ನುರಿತ ನರರೋಗತಜ್ಞರಿರುವರು. ಮತ್ತು ತಂದೆಯವರನ್ನು ಬಿರುಸಾಗಿ ನಡೆಯಿಸಿರಿ. 2018ರಲ್ಲಿ ಪ್ರಕಟವಾದ ಅಮೆರಿಕೆಯ ಒಂದು ಪರೀಕ್ಷೆಯಲ್ಲಿ, ರೋಗದ ಆರಂಭದಲ್ಲಿದ್ದು ಇನ್ನೂ ಔಷಧವನ್ನು ತೆಗೆದುಕೊಳ್ಳದಿದ್ದ 128 ಮಂದಿಯನ್ನು ಮೂರು ಗುಂಪು ಮಾಡಿದ್ದರು. ಏದುಸಿರು ಬರುವಷ್ಟು ರಭಸದಿಂದ ಆರು ತಿಂಗಳು ನಡಿಗೆಯ ಯಂತ್ರದ ಮೇಲೆ ವ್ಯಾಯಾಮ ಮಾಡಿದವರಿಗೆ, ಎಂದಿನಂತಿದ್ದವರಿಗಿಂತ ಚಲನೆಯ ತೊಂದರೆ ಕಡಿಮೆ ಬೆಳೆದಿತ್ತು. ಹೃದಯದ ಪರೀಕ್ಷೆ ಮಾಡಿಸಿದ ಮೇಲೆ ಈ ಕೆಲಸಕ್ಕೆ ನಮ್ಮಲ್ಲಿ ಕೆರೆಯ ಏರಿಯೇ ಸಾಕು.

ಸ್ನೇಹಿತರು ಯಂತ್ರವನ್ನು ತರಿಸಲಿಲ್ಲ. ಅವರ ತಂದೆಯವರು ಮಾತ್ರ ಷಾರ್ಕೋವಿನ ಕಥೆಯನ್ನು ಕೇಳಿ ಬಹಳ ಸಂತೋಷಪಟ್ಟರಂತೆ. ಈಗ ಪ್ರತಿ ಭಾನುವಾರ ಮೊಮ್ಮಗನನ್ನು ಜೊತೆಗಿಟ್ಟುಕೊಂಡು ಕೆಂಪು ಬಸ್ಸಿನಲ್ಲಿ ಪಕ್ಕದ ಊರಿನ ಮಗಳ ಮನೆಗೆ ಹೊರಡುವರು; ಮುಂದಿನ ಸೀಟು ಖಾಲಿಯಿದ್ದರೂ ಹಿಂದಿನ ಚಕ್ರದ ಮೇಲೆಯೇ ಕುಳಿತುಕೊಳ್ಳುವರು. ಇಳಿದಾಗ ಮೈ ಹಗುರವೆನ್ನುವರು. ಅದು ಬಸ್ಸಿನ ಕುಲುಕಿನಿಂದಲೋ, ಮಗಳ ಮನೆ ಹತ್ತಿರವಾದುದರಿಂದಲೋ ಎಂದು ನಾವು ಕೇಳಹೋಗಲಿಲ್ಲ.