ಸತ್ತಿದೆಯೋ, ಬರಿಯ ಮೂರ್ಛೆಯೋ?

ಆಷಾಢದ ಮಳೆ ಎಡೆಬಿಡದೆ ವಾರವಿಡೀ ಸುರಿದ ಮೇಲೆ ಸಿಗಂದೂರಿನ ಸುತ್ತಲಿನ ಯಾವುದಾದರೊಂದು ಮನೆಯಲ್ಲಿ ಲ್ಯಾಪ್‌ಟಾಪ್ ಮೌನವ್ರತ ಹಿಡಿಯುವುದುಂಟು. ಗುಂಡಿ ಒತ್ತಿದರೆ ದೀಪವಿಲ್ಲ, ಸದ್ದಿಲ್ಲ. ನಾಳೆ ಕಾಲೇಜಿಗೆ ಒಪ್ಪಿಸಬೇಕಾದ ಮಗಳ ಪ್ರಬಂಧ, ಅಡಿಕೆ ತೋಟದ ಲೆಕ್ಕ, ತೀರಿಕೊಂಡ ಅಜ್ಜಿಯ ಭಾವಚಿತ್ರಗಳು, ಎಲ್ಲವೂ ಅದರೊಳಗೆ. ‘ಸತ್ತುಹೋಯಿತು’ ಎಂದು ಮನೆಮಂದಿ ನಿಟ್ಟುಸಿರು ಬಿಡುತ್ತಾರೆ. ಆದರೆ ಹಾಗೆ ತೀರ್ಪು ಕೊಡುವ ಮುನ್ನ ನಾಡಿ ಹಿಡಿದು ನೋಡುವುದು ಲೇಸು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಶರಾವತಿಯ ಹಿನ್ನೀರು ಎಷ್ಟೋ ಮನೆ-ಗದ್ದೆಗಳನ್ನು ನುಂಗಿತು. ಆ ನೀರಿನಿಂದ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು 1035 ಮೆಗಾವಾಟ್‌ವರೆಗೆ ವಿದ್ಯುತ್ತನ್ನು ಉತ್ಪಾದಿಸಬಲ್ಲವು. ನಾಡಿಗೆ ಬೆಳಕು ಕೊಟ್ಟ ಆ ಹಿನ್ನೀರಿನ ದಡದಲ್ಲೇ ಮಳೆಗಾಲದಲ್ಲಿ ಕರೆಂಟು ಕಣ್ಣುಮುಚ್ಚಾಲೆಯಾಡುವುದನ್ನು ವಿಧಿಯ ವಿನೋದವೆನ್ನಬೇಕು. ಕೆಟ್ಟ ಯಂತ್ರವನ್ನು ಸಾಗರದ ರಿಪೇರಿ ಅಂಗಡಿಗೆ ಒಯ್ಯಲು ಮೊದಲು ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಕಷ್ಟ ತಪ್ಪಿತು. ಆದರೂ ಮನೆಯಲ್ಲೇ ಅರ್ಧ ಗಂಟೆ ಪರೀಕ್ಷಿಸಿದರೆ ಹಾದಿಯ ಖರ್ಚು ಉಳಿದೀತು.

ಮೊದಲ ಪ್ರಶ್ನೆ, ವಿದ್ಯುತ್ತು ಒಳಗೆ ಹೋಗುತ್ತಿದೆಯೇ ಎಂಬುದು. ಗೋಡೆಯ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಸಿಕ್ಕಿಸಿ ನೋಡಿ. ಅದು ಸರಿಯಿದ್ದರೆ ಲ್ಯಾಪ್‌ಟಾಪಿನ ಅಡಾಪ್ಟರನ್ನು ಗಮನಿಸಿ. ಗೋಡೆಯ 230 ವೋಲ್ಟನ್ನು ಸುಮಾರು 19 ವೋಲ್ಟಿಗೆ ಇಳಿಸಿಕೊಡುವುದು ಅದರ ಕೆಲಸ. ಅಡಾಪ್ಟರಿನ ಪುಟ್ಟ ದೀಪ ಉರಿಯುತ್ತಿದ್ದು, ಪಿನ್ನನ್ನು ಯಂತ್ರಕ್ಕೆ ಚುಚ್ಚಿದೊಡನೆ ಆರಿಹೋದರೆ ಯಂತ್ರದೊಳಗೆ ಶಾರ್ಟ್ ಆಗಿರುವ ಶಂಕೆಯುಂಟು. ಮತ್ತೆ ಮತ್ತೆ ಚುಚ್ಚಿ ನೋಡಕೂಡದು. ಅದು ಕುಶಲ ಕೆಲಸಗಾರನ ಪಾಲಿನ ರೋಗ.

ದೀಪ ಸರಿಯಾಗಿಯೇ ಇದ್ದು ಯಂತ್ರ ಮಾತ್ರ ಏಳದಿದ್ದರೆ ಒಂದು ಸರಳ ಚಿಕಿತ್ಸೆಯಿದೆ. ಆಫ್ ಮಾಡಿದಾಗಲೂ ಲ್ಯಾಪ್‌ಟಾಪಿನೊಳಗೆ ಒಂದು ಪುಟ್ಟ ನಿಯಂತ್ರಕ ಎಚ್ಚರವಾಗಿಯೇ ಇದ್ದು, ಗುಂಡಿಯ ಒತ್ತಡಕ್ಕೆ ಕಾಯುತ್ತಿರುತ್ತದೆ. ಕರೆಂಟು ಹೋಗಿ ಬಂದು ಮಾಡುವ ಗಡಿಬಿಡಿಯಲ್ಲಿ ಇದು ದಿಕ್ಕೆಟ್ಟು ಕೂತುಬಿಡುವುದುಂಟು. ಅಡಾಪ್ಟರ್ ಕಿತ್ತು, ಬ್ಯಾಟರಿ ಹೊರತೆಗೆಯಬಹುದಾದುದಾದರೆ ತೆಗೆದು, ಗುಂಡಿಯನ್ನು ಮೂವತ್ತು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ಅಲ್ಪಸ್ವಲ್ಪ ವಿದ್ಯುತ್ತೂ ಸೋರಿಹೋಗಿ ನಿಯಂತ್ರಕ ಹೊಸದಾಗಿ ಕಣ್ಣು ತೆರೆಯುತ್ತದೆ. ಆಮೇಲೆ ಅಡಾಪ್ಟರನ್ನಷ್ಟೇ ಜೋಡಿಸಿ ಗುಂಡಿ ಒತ್ತಿ. ಇಷ್ಟರಿಂದಲೇ ಎದ್ದು ಕೂತ ಯಂತ್ರಗಳಿಗೆ ಲೆಕ್ಕವಿಲ್ಲ. ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ಅರ್ಧ ಗಂಟೆ ಚಾರ್ಜಿಗಿಟ್ಟು ನೋಡಬೇಕು. ಬ್ಯಾಟರಿ ಉಬ್ಬಿಕೊಂಡಿದ್ದರೆ ಮಾತ್ರ ಒತ್ತುವುದೂ ಬೇಡ, ಚಾರ್ಜೂ ಬೇಡ, ಬೆಂಕಿ ಹೊತ್ತೀತು.

ಇನ್ನು ಕೆಲವು ಯಂತ್ರಗಳು ಎದ್ದಿರುತ್ತವೆ, ಮುಖ ತೋರಿಸುವುದಿಲ್ಲ ಅಷ್ಟೆ. ಫ್ಯಾನಿನ ಸದ್ದು ಕೇಳಿಸುತ್ತಿದೆಯೇ? ಹಾಗಿದ್ದರೆ ಕತ್ತಲೆ ಕೋಣೆಯಲ್ಲಿ ಪರದೆಯ ಮೇಲೆ ಟಾರ್ಚನ್ನು ಓರೆಯಾಗಿ ಬಿಡಿ. ಮಸುಕಾದ ಚಿತ್ರ ಕಂಡರೆ ಪರದೆಯ ಹಿಂದಿನ ಬೆಳಕು ಕೆಟ್ಟಿದೆ ಎಂದರ್ಥ. ಮನೆಯ ಟೀವಿಗೆ ಕೇಬಲ್ ಜೋಡಿಸಿದಾಗ ಚಿತ್ರ ಬಂದರಂತೂ ಮಗಳ ಪ್ರಬಂಧ ಅಂದೇ ಮುಗಿಯುತ್ತದೆ. ಬೀಪ್ ಬೀಪ್ ಎಂದು ಕೂಗಿ ಸುಮ್ಮನಾಗುತ್ತಿದ್ದರೆ ರ‍್ಯಾಮ್ ಪಟ್ಟಿ ತನ್ನ ಜಾಗದಲ್ಲಿ ಸಡಿಲಾಗಿರಬಹುದು.

ಮಲೆನಾಡಿನಲ್ಲಿ ಲೋ ವೋಲ್ಟೇಜನ್ನು ದೂರುವವರೇ ಹೆಚ್ಚು. ಪಾಪ, ಅದು ಬಹುಮಟ್ಟಿಗೆ ನಿರಪರಾಧಿ. ಸಾಮಾನ್ಯ ಅಡಾಪ್ಟರುಗಳು 100 ವೋಲ್ಟಿನಿಂದ 240ರವರೆಗೂ ತಾಳಿಕೊಳ್ಳುತ್ತವೆ. ನಿಜವಾದ ವೈರಿಗಳು ಬೇರೆ. ಮರ ಬಿದ್ದು ನ್ಯೂಟ್ರಲ್ ತಂತಿ ತುಂಡಾದಾಗ ಮನೆಯೊಳಕ್ಕೆ ನಾನೂರು ವೋಲ್ಟಿನ ಸಮೀಪ ನುಗ್ಗಬಲ್ಲದು. ಸಿಡಿಲಿನ ಸಮಯದಲ್ಲಿ ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ಗನ್ನೂ ಇಂಟರ್ನೆಟ್ ತಂತಿಯನ್ನೂ ಕೀಳಬೇಕು. ಮೂರನೆಯ ವೈರಿ ಥಂಡಿ. ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟ ಯಂತ್ರದ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ದಿನವೂ ಬಳಸುವ ಯಂತ್ರ ತನ್ನ ಬಿಸಿಯಿಂದಲೇ ಒಳಗಿನ ಪಸೆಯನ್ನು ಕಳೆದುಕೊಳ್ಳುತ್ತದೆ. ನೀರು ಬಿದ್ದ ಯಂತ್ರವನ್ನು ಅಕ್ಕಿಯಲ್ಲಿ ಹೂಳುವ ಪದ್ಧತಿಯೊಂದು ಬಂದಿದೆ. ಅದರಿಂದ ಅಕ್ಕಿಗೂ ಲಾಭವಿಲ್ಲ, ಯಂತ್ರಕ್ಕೂ ಇಲ್ಲ.

ಯಾವುದಕ್ಕೂ ಜಗ್ಗದಿದ್ದರೆ ಸೇತುವೆ ದಾಟಿ ಸಾಗರಕ್ಕೆ ಹೊರಡಿ. ಅಂಗಡಿಯವರಿಗೆ ಮೊದಲು ಹೇಳಬೇಕಾದ ಮಾತು, ‘ಒಳಗಿನ ಕಡತಗಳನ್ನು ಅಳಿಸಬೇಡಿ’ ಎಂಬುದು. ಮದರ್‌ಬೋರ್ಡ್ ಸುಟ್ಟರೂ ಡಿಸ್ಕ್ ಬದುಕಿರುವುದುಂಟು. ಅದನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೆ ಅಜ್ಜಿಯ ಚಿತ್ರಗಳು ದೊರಕಿಯಾವು. ಆದರೆ ಈಚಿನ ಎಷ್ಟೋ ವಿಂಡೋಸ್ ಯಂತ್ರಗಳ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗವಿರುತ್ತದೆ. ಅದರ ಕೀಲಿಯೆಂದರೆ 48 ಅಂಕಿಗಳ ಒಂದು ಸಂಖ್ಯೆ. ಹಲವು ವೇಳೆ ಅದು ಒಡೆಯರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಯಂತ್ರ ಆರೋಗ್ಯವಾಗಿರುವಾಗಲೇ ಅದನ್ನು ಹುಡುಕಿ, ಕಾಗದದ ಮೇಲೆ ಬರೆದು, ಜಮೀನಿನ ಪತ್ರಗಳ ಜೊತೆಯಲ್ಲಿಡಿ.