ಸುಸ್ತು ಅಂದ್ರೆ ಸೋಮಾರಿತನ ಅಲ್ಲ ಕಣ್ರೀ!

‘ಒಂದು ಮಹಡಿ ಹತ್ತಿದ್ರೆ ಸಾಕು, ಎದೆ ಡವಡವ ಅನ್ನುತ್ತೆ’, ‘ಮಧ್ಯಾಹ್ನ ಆಗ್ತಿದ್ದ ಹಾಗೆ ಕಣ್ಣು ಎಳೆಯುತ್ತೆ’, ‘ತಲೆ ಬಾಚಿದರೆ ಬಾಚಣಿಗೆ ತುಂಬಾ ಕೂದಲು’... ನಾಲ್ಕು ಜನ ಗೃಹಿಣಿಯರು ಸೇರಿದ ಕಡೆ ಈ ಮಾತು ಬರದೇ ಇರುವುದಿಲ್ಲ. ಮನೆಯವರಿಂದ ಬರುವ ಉತ್ತರವೂ ಗೊತ್ತಿರುವಂಥದ್ದೇ: ‘ದಿನವಿಡೀ ಮನೇಲೇ ಇರ್ತೀಯಲ್ಲ, ನಿಂಗೇನು ಸುಸ್ತು?’ ಕೇಳಿ ಕೇಳಿ ನಮಗೂ ಹಾಗೇ ಅನ್ನಿಸಿಬಿಡುತ್ತದೆ. ವಯಸ್ಸಾಯ್ತೇನೋ ಎಂದುಕೊಂಡು ಇನ್ನೊಂದು ಲೋಟ ಕಾಫಿ ಕುಡಿದು ಎದ್ದು ಕೆಲಸಕ್ಕೆ ನಿಲ್ಲುತ್ತೇವೆ.

ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏನು ಹೇಳುತ್ತೆ ಗೊತ್ತೇ? ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಅಂದರೆ ನೂರು ಜನರಲ್ಲಿ ಅರ್ಧಕ್ಕಿಂತ ಹೆಚ್ಚು! ಇಷ್ಟೊಂದು ಜನ ಸೋಮಾರಿಗಳಾಗಿರಲು ಸಾಧ್ಯವೇ?

ಡಾಕ್ಟರ ಹತ್ತಿರ ಹೋದರೆ ರಕ್ತ ಪರೀಕ್ಷೆ ಬರೆದುಕೊಡುತ್ತಾರೆ. ರಿಪೋರ್ಟ್‌ನಲ್ಲಿ ‘ಹಿಮೋಗ್ಲೋಬಿನ್ 9.4’ ಎಂದಿರುತ್ತದೆ. ಕಡಿಮೆ ಇದೆ ಅನ್ನುತ್ತಾರೆ, ಮಾತ್ರೆ ಕೊಡುತ್ತಾರೆ, ನಾವು ತಲೆಯಾಡಿಸಿ ಬರುತ್ತೇವೆ. ಈ ಹಿಮೋಗ್ಲೋಬಿನ್ ಅನ್ನು ಹೈಸ್ಕೂಲಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿದವರೇ. ಪರೀಕ್ಷೆ ಮುಗಿದ ಮೇಲೆ ಪುಸ್ತಕ ರದ್ದಿಗೆ ಹೋಯಿತು, ಪಾಠವೂ ಹೋಯಿತು. ಅದನ್ನೇ ಇನ್ನೊಮ್ಮೆ ತಿರುವಿ ಹಾಕೋಣ ಬನ್ನಿ. ಈ ಸಲ ಮಾರ್ಕ್ಸ್‌ಗಲ್ಲ, ನಮಗೋಸ್ಕರ.

ನಾಲ್ಕು ಸೀಟಿನ ಆಟೊ

ನಮ್ಮ ರಕ್ತದ ಕೆಂಪು ಕಣಗಳ ತುಂಬಾ ಇರುವ ಪ್ರೊಟೀನೇ ಹಿಮೋಗ್ಲೋಬಿನ್. ಇದನ್ನು ನಾಲ್ಕು ಸೀಟಿನ ಆಟೊ ಅಂದುಕೊಳ್ಳಿ. ಪ್ರತಿ ಸೀಟಿನಲ್ಲೂ ಕಬ್ಬಿಣದ ಒಂದೊಂದು ಪರಮಾಣು ಕೂತಿರುತ್ತದೆ. ಶ್ವಾಸಕೋಶದಲ್ಲಿ ಆಮ್ಲಜನಕ ಬಂದು ಈ ಕಬ್ಬಿಣವನ್ನೇ ಹಿಡಿದುಕೊಳ್ಳುತ್ತದೆ, ಮೈಯ ಮೂಲೆಮೂಲೆಯ ಜೀವಕೋಶಕ್ಕೂ ಹೋಗಿ ಇಳಿಯುತ್ತದೆ. ಕಬ್ಬಿಣ ಕಡಿಮೆಯಾದರೆ ಆಟೊಗಳೇ ಕಡಿಮೆ.

ಅಲ್ಲಿ ಆಮ್ಲಜನಕಕ್ಕೆ ಏನು ಕೆಲಸ? ನಾವು ತಿಂದ ಅನ್ನ, ಚಪಾತಿ, ಮುದ್ದೆ ಎಲ್ಲವೂ ಕೊನೆಗೆ ಗ್ಲೂಕೋಸ್ ಆಗಿ ಜೀವಕೋಶ ಸೇರುತ್ತವೆ. ಆಮ್ಲಜನಕ ಸಾಕಷ್ಟಿದ್ದರೆ ಆ ಗ್ಲೂಕೋಸ್ ಪೂರ್ತಿ ಉರಿದು ಶಕ್ತಿಯಾಗುತ್ತದೆ. ಇಲ್ಲದಿದ್ದರೆ ಅರ್ಧಂಬರ್ಧ ಉರಿಯುತ್ತದೆ. ಆಗ ಸಿಗುವ ಶಕ್ತಿ ಸುಮಾರು ಹದಿನೈದರಲ್ಲಿ ಒಂದು ಪಾಲು ಅಷ್ಟೇ! ಹೊಟ್ಟೆ ತುಂಬಾ ಊಟ ಮಾಡಿದರೂ ಕೈಕಾಲಲ್ಲಿ ಶಕ್ತಿ ಇಲ್ಲ ಅನ್ನಿಸುವುದು ಇದಕ್ಕೇ. ಇರುವ ಕೆಲವೇ ಆಟೊಗಳನ್ನು ಹೆಚ್ಚು ಸುತ್ತು ಓಡಿಸಬೇಕಾದ್ದರಿಂದ ಹೃದಯ ಜೋರಾಗಿ ಬಡಿದುಕೊಳ್ಳುತ್ತದೆ. ಮೆಟ್ಟಿಲು ಹತ್ತಿದಾಗಿನ ಡವಡವ ಅದೇ.

ಸಾಸಿವೆ ಡಬ್ಬಿ ಮೊದಲು ಖಾಲಿ

ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಹಳೆಯ ಕಣ ಒಡೆದಾಗ ಅದರಲ್ಲಿನ ಕಬ್ಬಿಣವನ್ನು ದೇಹ ಬಿಸಾಡುವುದಿಲ್ಲ, ಹಳೇ ಚಿನ್ನ ಕರಗಿಸಿ ಹೊಸ ಬಳೆ ಮಾಡಿಸುವ ಹಾಗೆ ಎಲುಬಿನ ಮಜ್ಜೆಯಲ್ಲಿ ಮತ್ತೆ ಬಳಸಿಕೊಳ್ಳುತ್ತದೆ. ಗಂಡಸರಿಗೆ ದಿನಕ್ಕೆ ಸುಮಾರು ಒಂದು ಮಿಲಿಗ್ರಾಂ ಮಾತ್ರ ನಷ್ಟ. ನಮಗೆ ಹಾಗಲ್ಲ. ತಿಂಗಳ ಮುಟ್ಟಿನಲ್ಲಿ ಹೋಗುವುದು ಬೇರೆ. ಒಂದು ಬಸುರಿಗೆ ಒಟ್ಟು ಸುಮಾರು ಒಂದು ಗ್ರಾಂ, ಅಂದರೆ ಸಾವಿರ ಮಿಲಿಗ್ರಾಂ ಕಬ್ಬಿಣ ಬೇಕು.

ಈ ಖರ್ಚಿಗೆಂದೇ ದೇಹ ಫೆರಿಟಿನ್ ಎಂಬ ಪ್ರೊಟೀನಿನೊಳಗೆ ಕಬ್ಬಿಣ ಕೂಡಿಡುತ್ತದೆ. ನಾವು ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡುವುದಿಲ್ಲವೇ, ಹಾಗೆ! ಕೊರತೆ ಬಂದಾಗ ಮೊದಲು ಈ ಡಬ್ಬಿ ಖಾಲಿ. ಆಮೇಲಷ್ಟೇ ಹಿಮೋಗ್ಲೋಬಿನ್ ಇಳಿಯುವುದು. ಬಸುರಿಯಲ್ಲದ ಹೆಂಗಸರಿಗೆ 100 ಮಿ.ಲೀ. ರಕ್ತದಲ್ಲಿ 12 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ರಕ್ತಹೀನತೆ ಎನ್ನುತ್ತಾರೆ. 12 ಇದೆ, ಆದರೂ ಸುಸ್ತು ಎನ್ನುವವರು ‘ಫೆರಿಟಿನ್ ನೋಡಬೇಕಾ ಡಾಕ್ಟ್ರೇ?’ ಎಂದು ಧಾರಾಳವಾಗಿ ಕೇಳಬಹುದು.

ಇನ್ನೊಂದು ವಿಚಾರ. ಕದ್ದುಮುಚ್ಚಿ ಹಸಿ ಅಕ್ಕಿ, ಬಳಪ, ಮಣ್ಣು ತಿನ್ನಬೇಕು ಅನ್ನಿಸುತ್ತದೆಯೇ? ನಾಚಿಕೊಳ್ಳಬೇಡಿ. ಇದು ಎಷ್ಟೋ ಸಲ ಕಬ್ಬಿಣದ ಕೊರತೆಯ ಲಕ್ಷಣ. ಮಕ್ಕಳು ಹೀಗೆ ಮಾಡಿದರೂ ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಕೆಂಪಗಿದ್ದರೆಲ್ಲ ರಕ್ತವಲ್ಲ

ರಕ್ತ ಕಡಿಮೆ ಎಂದ ಕೂಡಲೇ ಮನೆಗೆ ಬೀಟ್‌ರೂಟು, ದಾಳಿಂಬೆ ಬರುತ್ತವೆ. ಎರಡೂ ಒಳ್ಳೆಯವೇ. ಆದರೆ ಅವುಗಳ ಕೆಂಪು ಸಸ್ಯದ ಬಣ್ಣ, ಕಬ್ಬಿಣಕ್ಕೂ ಅದಕ್ಕೂ ಸಂಬಂಧವಿಲ್ಲ. ಅವುಗಳಲ್ಲಿ ಕಬ್ಬಿಣ ಇರುವುದು ಅತ್ಯಲ್ಪ. ಹುರುಳಿಕಾಳು, ಕಡಲೆ, ಎಳ್ಳು, ದಂಟಿನ ಸೊಪ್ಪು, ನುಗ್ಗೆಸೊಪ್ಪು ಇವಕ್ಕಿಂತ ಎಷ್ಟೋ ವಾಸಿ.

ತಿಂದದ್ದೆಲ್ಲ ರಕ್ತಕ್ಕೆ ಸೇರುತ್ತದೆಯೇ ಎಂದರೆ ಅದೂ ಇಲ್ಲ. ಮಾಂಸ, ಮೀನಿನಲ್ಲಿರುವ ಕಬ್ಬಿಣದ ಒಂದು ಭಾಗ ನೇರವಾಗಿ ಒಳಗೆ ಹೋಗುತ್ತದೆ. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣದ ರೂಪ ಬೇರೆ, ಕರುಳು ಅದನ್ನು ಹಾಗೇ ಹೀರಿಕೊಳ್ಳುವುದಿಲ್ಲ. ಅದನ್ನು ಬೇಕಾದ ರೂಪಕ್ಕೆ ತರಲು ವಿಟಮಿನ್ ‘ಸಿ’ ನೆರವಾಗುತ್ತದೆ. ಹುರುಳಿ ಸಾರಿಗೆ, ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡುವುದು ಬರೀ ರುಚಿಗಲ್ಲ!

ಇದಕ್ಕೆ ತದ್ವಿರುದ್ಧ ಊಟದ ಜೊತೆಗಿನ ಕಾಫಿ–ಟೀ. ಅವುಗಳಲ್ಲಿನ ಟ್ಯಾನಿನ್‌ನಂಥ ಅಂಶಗಳು ಕಬ್ಬಿಣವನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ. ಕಾಳು, ಧಾನ್ಯಗಳಲ್ಲಿರುವ ಫೈಟೇಟ್ ಮಾಡುವುದೂ ಇದನ್ನೇ. ಆದರೆ ಕಾಳು ನೆನೆಸಿ ಮೊಳಕೆ ಕಟ್ಟಿದಾಗ, ಹಿಟ್ಟು ಹುಳಿ ಬಂದಾಗ ಈ ಫೈಟೇಟ್ ಒಡೆಯುತ್ತದೆ. ಅಜ್ಜಿ ಕಾಲದ ಮೊಳಕೆ ಹುರುಳಿ ಸಾರು, ಹುಳಿ ಬಂದ ಹಿಟ್ಟಿನ ದೋಸೆ ಎರಡೂ ಜೀವರಸಾಯನಶಾಸ್ತ್ರಕ್ಕೆ ಒಪ್ಪುವ ಅಡುಗೆಗಳೇ.

ಹೀಗೆ ಮಾಡಿ ನೋಡಿ

* ಊಟ–ತಿಂಡಿಗೂ ಕಾಫಿ–ಟೀಗೂ ಕನಿಷ್ಠ ಒಂದು ಗಂಟೆ ಅಂತರವಿರಲಿ. ಕಾಫಿ ಬಿಡಿ ಅಂತ ಯಾರೂ ಹೇಳುತ್ತಿಲ್ಲ, ಹೊತ್ತು ಬದಲಿಸಿದರೆ ಸಾಕು.

* ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಕುದಿಸಿದರೆ ವಿಟಮಿನ್ ‘ಸಿ’ ಹಾಳಾಗುತ್ತದೆ. ನೆಲ್ಲಿಕಾಯಿ, ಸೀಬೆಹಣ್ಣು ಊಟದ ಜೊತೆಗಿದ್ದರೆ ಇನ್ನೂ ಒಳ್ಳೆಯದು.

* ಅಟ್ಟದ ಮೇಲಿರುವ ಕಬ್ಬಿಣದ ಬಾಣಲೆ ಕೆಳಗಿಳಿಸಿ. ಹುಳಿ ಇರುವ ಪಲ್ಯ, ಗೊಜ್ಜಿಗೆ ಅದರಿಂದ ಸ್ವಲ್ಪ ಕಬ್ಬಿಣ ಸೇರುತ್ತದೆ.

* ಕಬ್ಬಿಣದ ಮಾತ್ರೆಯನ್ನು ಹಾಲು, ಕಾಫಿ, ಕ್ಯಾಲ್ಸಿಯಂ ಮಾತ್ರೆ ಜೊತೆ ನುಂಗಬೇಡಿ. ಮಲ ಕಪ್ಪಾದರೆ ಗಾಬರಿ ಬೇಡ, ಈ ಮಾತ್ರೆಗೆ ಅದು ಸಹಜ. ಮಲಬದ್ಧತೆ, ಹೊಟ್ಟೆ ತೊಳಸು ಇದ್ದರೆ ಡಾಕ್ಟರಿಗೆ ಹೇಳಿ ಮಾತ್ರೆ ಬದಲಿಸಿಕೊಳ್ಳಿ.

* ಹದಿನೈದು ದಿನಕ್ಕೆ ಹುಷಾರಾದೆ ಎಂದು ಮಾತ್ರೆ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸಾಸಿವೆ ಡಬ್ಬಿ ತುಂಬಲು ಸಾಮಾನ್ಯವಾಗಿ ಇನ್ನೂ ಕೆಲವು ತಿಂಗಳು ಬೇಕು.

* ಮಾತ್ರೆಗಳು ಮಕ್ಕಳ ಕೈಗೆ ಸಿಗದಿರಲಿ. ಪುಟ್ಟ ಮಕ್ಕಳು ಒಟ್ಟಿಗೆ ನುಂಗಿದರೆ ಪ್ರಾಣಾಪಾಯ.

ಆದರೆ ಪಕ್ಕದ ಮನೆಯವರು ಹೇಳಿದರೆಂದು ಔಷಧಿ ಅಂಗಡಿಯಿಂದ ನೀವೇ ಮಾತ್ರೆ ತಂದು ನುಂಗಬೇಡಿ. ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಲ್ಲ. ಪೂರ್ತಿ ಸಸ್ಯಾಹಾರಿಗಳಿಗೆ ವಿಟಮಿನ್ ಬಿ12 ಕೊರತೆ ಇರಬಹುದು. ಥಲಸ್ಸೇಮಿಯಾ ವಂಶವಾಹಿ ಇದ್ದವರಲ್ಲೂ ಹಿಮೋಗ್ಲೋಬಿನ್ ಕಡಿಮೆ ಕಾಣುತ್ತದೆ. ಅದು ಕಬ್ಬಿಣದ ಮಾತ್ರೆಯಿಂದ ಸರಿಹೋಗುವಂಥದ್ದಲ್ಲ. ಮುಟ್ಟಿನಲ್ಲಿ ಗಂಟೆಗೊಂದು ಪ್ಯಾಡ್ ಬದಲಿಸಬೇಕಾಗಿದೆ, ಗಡ್ಡೆಗಡ್ಡೆಯಾಗಿ ಹೋಗುತ್ತಿದೆ ಎಂದರೆ ಮೊದಲು ಸ್ತ್ರೀರೋಗ ತಜ್ಞರನ್ನು ಕಾಣಿ. ಗರ್ಭಕೋಶದಲ್ಲಿ ಗಡ್ಡೆ ಇಟ್ಟುಕೊಂಡು ಎಷ್ಟು ಮಾತ್ರೆ ನುಂಗಿದರೂ ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ. ಮುಟ್ಟು ನಿಂತ ಮೇಲೂ ಹಿಮೋಗ್ಲೋಬಿನ್ ಇಳಿಯುತ್ತಿದ್ದರೆ ಕಾರಣ ಹುಡುಕಲೇಬೇಕು.

ಯಜಮಾನರ ಶುಗರ್, ಅತ್ತೆಯ ಬಿಪಿ, ಮಕ್ಕಳ ಲಸಿಕೆ ಎಲ್ಲದರ ತಾರೀಖೂ ನಮಗೆ ನೆನಪಿರುತ್ತದೆ. ಮುಂದಿನ ಸಲ ಅವರನ್ನು ಲ್ಯಾಬ್‌ಗೆ ಕರೆದುಕೊಂಡು ಹೋಗುವ ಮೊದಲು, ಸುಸ್ತಿನ ಬಗ್ಗೆ ಡಾಕ್ಟರ ಹತ್ತಿರ ಹೇಳಿ ನಿಮಗೂ ಒಂದು ರಕ್ತ ಪರೀಕ್ಷೆ ಬರೆಸಿಕೊಳ್ಳಿ. ಮುಟ್ಟು ಶುರುವಾದ ಮಗಳಿದ್ದರೆ ಅವಳನ್ನೂ ಜೊತೆಗೆ ಕರೆದುಕೊಂಡು ಹೋಗಿ.