ಯಂತ್ರದ ಜೀರ್ಣೋದ್ಧಾರ

ಹಿತ್ತಾಳೆಯ ಪಾತ್ರೆಯು ತೂತಾದರೆ ಬೆಸುಗೆ ಹಾಕಿಸುವೆವು. ಕೊಡೆಯ ಕಡ್ಡಿ ಮುರಿದರೆ ಬೇರೆ ಕಡ್ಡಿ ಹಾಕಿಸುವೆವು. ತೂತಾಗದೆ, ಮುರಿಯದೆ, ಚೆನ್ನಾಗಿ ನಡೆಯುತ್ತಲೇ ಇರುವ ವಸ್ತುವನ್ನು ಎಸೆಯಿರೆಂದು ಯಾರಾದರೂ ಹೇಳಿದರೆ ಏನು ಮಾಡತಕ್ಕದ್ದು? 2025ನೆಯ ಇಸವಿಯ ಕಡೆಯಲ್ಲಿ ನನಗೆ ಒದಗಿದ ಪ್ರಶ್ನೆಯು ಇದೇ. ಅದಕ್ಕೆ ದೊರೆತ ಉತ್ತರವು ಇತರ ಗೃಹಸ್ಥರಿಗೂ ಉಪಯೋಗಕ್ಕೆ ಬಂದೀತೆಂದು ಇದನ್ನು ಬರೆಯುತ್ತಿರುವೆನು.

ನಾನು ಸಂಸ್ಕೃತದ ಉಪಾಧ್ಯಾಯನಾಗಿದ್ದು ನಿವೃತ್ತನಾದವನು. 2014ರಲ್ಲಿ ಕೊಂಡ ಒಂದು ಲ್ಯಾಪ್‌ಟಾಪು ನನ್ನಲ್ಲಿರುವುದು. ಅಮರಕೋಶದ ಶಬ್ದಗಳಿಗೆ ಮಕ್ಕಳಿಗೆ ತಿಳಿಯುವಂತೆ ಕನ್ನಡದಲ್ಲಿ ಅರ್ಥವನ್ನೂ ಉದಾಹರಣೆಗಳನ್ನೂ ದಿನಕ್ಕಿಷ್ಟರಂತೆ ಅದರಲ್ಲಿ ಬರೆದಿಟ್ಟಿದ್ದೆನು. ಯಂತ್ರವು ವಿಂಡೋಸ್ 10ರಿಂದ ನಡೆಯುತ್ತಿದ್ದಿತು. 2025ರ ಅಕ್ಟೋಬರ್ 14ರಂದು ಅದರ ಸಾಮಾನ್ಯ ಬೆಂಬಲದ ಅವಧಿಯು ಮುಗಿಯಿತು. ಅದರ ಮುಂದಿನದಾದ ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ರಕ್ಷಣೆಯ ಅಂಗವೂ ಹೊಸ ಪೀಳಿಗೆಯ ಪ್ರೊಸೆಸರೂ ಬೇಕು. ನನ್ನ ಯಂತ್ರದಲ್ಲಿ ಎರಡೂ ಇರಲಿಲ್ಲ. ಅಂಗಡಿಯವರು ನೋಡಿ, “ಇದು ಇನ್ನು ಗುಜರಿಗೇ ಸಾರ್, ಹೊಸದು ತಗೊಳ್ಳಿ” ಎಂದರು. ಪಿಂಚಣಿಯಲ್ಲಿ ಸಂಸಾರ ನಡೆಸುವವನಿಗೆ ಇದು ಸುಲಭದ ಮಾತಲ್ಲ.

ಆ ದಿನಗಳಲ್ಲಿಯೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಯಂತ್ರವನ್ನು ತಿರುಗಿಸಿ ನೋಡಿ, “ಮೇಷ್ಟ್ರೇ, ಇದಕ್ಕೆ ಏನೂ ಆಗಿಲ್ಲ. ಒಳಗಿನ ಆಡಳಿತ ಬದಲಾಯಿಸಿದರೆ ಸಾಕು” ಎಂದು ಹೇಳಿ, ಮರುದಿನ ಒಂದು ಪೆನ್ ಡ್ರೈವನ್ನು ತಂದನು. ಅದರಲ್ಲಿದ್ದುದು ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಂ.

ಆಪರೇಟಿಂಗ್ ಸಿಸ್ಟಂ ಎಂದರೇನು? ಪಾಣಿನಿಯ ವ್ಯಾಕರಣದಲ್ಲಿ ಪರಿಭಾಷಾಸೂತ್ರಗಳೆಂಬುವು ಇರುವುವು. ಅವು ತಾವಾಗಿ ಯಾವ ಪದವನ್ನೂ ಸಾಧಿಸುವುದಿಲ್ಲ. ಉಳಿದ ಸೂತ್ರಗಳು ಎಲ್ಲಿ, ಹೇಗೆ ಪ್ರವರ್ತಿಸಬೇಕೆಂಬುದನ್ನು ಮಾತ್ರ ನಿರ್ಣಯಿಸುವುವು. ಹಾಗೆಯೇ ಪತ್ರ ಬರೆಯುವ, ಚಿತ್ರ ತೋರಿಸುವ, ಲೆಕ್ಕ ಹಾಕುವ ತಂತ್ರಾಂಶಗಳಿಗೆಲ್ಲ ಸ್ಥಳವನ್ನೂ ಸರದಿಯನ್ನೂ ಹಂಚಿಕೊಡುವ ವ್ಯವಸ್ಥೆ ಇದು. ಗೃಹಿಣಿಯರು ಮನೆಯನ್ನು ನಡೆಸುವ ಕ್ರಮವನ್ನು ನೆನೆದರೂ ಸಾಕು, ಅರ್ಥವಾಗುವುದು.

ಡೆಬಿಯನ್ನನ್ನು 1993ರಲ್ಲಿ ಇಯಾನ್ ಮರ್ಡಾಕ್ ಎಂಬವರು ಆರಂಭಿಸಿದರು. ಡೆಬ್ರಾ ಎಂಬ ಸ್ತ್ರೀನಾಮಕ್ಕೂ ಇಯಾನ್ ಎಂಬ ತಮ್ಮ ಹೆಸರಿಗೂ ಸಮಾಸ ಮಾಡಿ ಅದನ್ನು ಹೆಸರಿಸಿದರು. ಅದರ ತಿರುಳಾದ ಲಿನಕ್ಸನ್ನು ಲೀನಸ್ ಟೋರ್ವಾಲ್ಡ್ಸ್ ಎಂಬವರು 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಪ್ರಕಟಿಸಿದರು. ಇಂದಿಗೂ ಡೆಬಿಯನ್ನನ್ನು ಬೆಳೆಸುತ್ತಿರುವವರು ನಾನಾ ದೇಶಗಳ ಸ್ವಯಂಸೇವಕರು. ಅವರ ವಾರ್ಷಿಕ ಸಮ್ಮೇಳನವು 2023ರಲ್ಲಿ ನಮ್ಮ ನೆರೆಯ ಕೊಚ್ಚಿಯಲ್ಲಿಯೇ ನಡೆಯಿತು. ಇದಕ್ಕೆ ಬೆಲೆಯಿಲ್ಲ. ಯಾರು ಬೇಕಾದರೂ ಉಪಯೋಗಿಸಬಹುದು, ಒಳಗನ್ನು ತೆರೆದು ಓದಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು. ಕೊಟ್ಟಷ್ಟೂ ಬೆಳೆಯುವುದು ವಿದ್ಯೆಯೆಂದು ಮಕ್ಕಳಿಗೆ ಮೂವತ್ತು ವರ್ಷ ಹೇಳಿಕೊಟ್ಟ ನನಗೆ ಈ ಏರ್ಪಾಡು ಪರಕೀಯವೆಂದು ತೋರಲಿಲ್ಲ.

ಮೊದಲು ಯಂತ್ರದೊಳಗಿನ ಯಾವುದನ್ನೂ ಮುಟ್ಟದೆ ಪೆನ್ ಡ್ರೈವಿನಿಂದಲೇ ನಡೆಸಿ ನೋಡಿದೆವು. ತೆರೆಯೂ ಧ್ವನಿಯೂ ವೈಫೈಯೂ ಸರಿಯಾಗಿರುವುವೆಂದು ತಿಳಿದ ಮೇಲೆ, ನನ್ನ ಬರಹಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಅನಂತರ ಸ್ಥಾಪಿಸಿದೆವು. ಭಾರವಿಲ್ಲದ ಎಕ್ಸ್‌ಎಫ್‌ಸಿಇ ಎಂಬ ಮುಖಾಂಗಣವನ್ನು ಆರಿಸಿಕೊಂಡುದರಿಂದ ನಾಲ್ಕು ಜಿಬಿ ಮೆಮೊರಿಯ ಆ ಮುದಿ ಯಂತ್ರವು ಮೊದಲಿಗಿಂತ ಚುರುಕಾಯಿತು.

ಆದರೆ ನನ್ನ ಕೋಶವನ್ನು ತೆರೆದಾಗ ಎದೆ ಝಲ್ಲೆಂದಿತು. ಕನ್ನಡದ ಒಂದಕ್ಷರವೂ ಇಲ್ಲ. ಪುಟದ ತುಂಬ ರೋಮನ್ ಲಿಪಿಯ ಅರ್ಥವಿಲ್ಲದ ಗುರುತುಗಳು! ವರ್ಷಗಳ ಪರಿಶ್ರಮವು ಹೋಯಿತೆಂದೇ ಭಾವಿಸಿದೆನು. ನಿಜಸ್ಥಿತಿಯು ಬೇರೆ. ಹಳೆಯ ಕನ್ನಡ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ರೂಪಗಳನ್ನು ತೊಡಿಸಿರುವರು. ಆ ಫಾಂಟು ಇಲ್ಲದೆಡೆಯಲ್ಲಿ ವೇಷವು ಕಳಚಿಬೀಳುವುದು. ಯೂನಿಕೋಡಿನಲ್ಲಿ ಹಾಗಲ್ಲ, ಕನ್ನಡದ ಪ್ರತಿಯೊಂದು ವರ್ಣಕ್ಕೂ ಸ್ವಂತದ ಸಂಖ್ಯೆಯಿರುವುದು. ಹಳೆಯ ಫಾಂಟನ್ನೇ ತಂದು ಹಾಕಬಹುದಾಗಿತ್ತು. ಆದರೆ ಅದು ತೀರಿಸಬೇಕಾದ ಸಾಲವನ್ನು ಮೊಮ್ಮಕ್ಕಳ ಹೆಸರಿಗೆ ಬರೆದಂತೆ. ಆದುದರಿಂದ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿದೆವು.

ಪರಿವರ್ತನೆಯಲ್ಲಿ ವಿನೋದವೊಂದು ನಡೆಯಿತು. ‘ಧರ್ಮ’ವು ಕೆಲವೆಡೆ ‘ಧಮರ್’ ಆಯಿತು. ‘ಕಾರ್ಯ’ವು ‘ಕಾಯರ್’ ಆಯಿತು. ಅರ್ಕಾವೊತ್ತನ್ನು ಕಣ್ಣು ಕಾಣುವುದು ಮಕಾರದ ಅನಂತರ. ನಾಲಗೆ ನುಡಿಯುವುದು ಮಕಾರಕ್ಕಿಂತ ಮೊದಲು. ಹಳೆಯ ಕ್ರಮವು ಕಣ್ಣಿನದು. ಯೂನಿಕೋಡಿನ ಕ್ರಮವು ನಾಲಗೆಯದು, ಎಂದರೆ ಶಿಕ್ಷಾಶಾಸ್ತ್ರದ್ದು. ರೇಫವುಳ್ಳ ಪದಗಳನ್ನೆಲ್ಲ ಒಂದೊಂದಾಗಿ ನೋಡಿ ತಿದ್ದುವುದಕ್ಕೆ ಮೂರು ತಿಂಗಳು ಹಿಡಿಯಿತು.

ಈಗ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಬರೆಯುತ್ತಿರುವೆನು. ಎಡಗೈಗೆ ಸ್ವರಗಳು, ಬಲಗೈಗೆ ವ್ಯಂಜನಗಳು. ಕಕಾರ, ಹಲಂತದ ಗುರುತು, ಷಕಾರ ಎಂದು ಮೂರನ್ನು ಒತ್ತಿದರೆ ‘ಕ್ಷ’ ಸಿದ್ಧಿಸುವುದು. ದೇವನಾಗರಿಯಲ್ಲಿಯೂ ಅವೇ ಕೀಲಿಗಳಾದುದರಿಂದ ಒಮ್ಮೆ ಕಲಿತರೆ ಕನ್ನಡವೂ ಸಂಸ್ಕೃತವೂ ಎರಡೂ ಕೈಸೇರುವುವು. ಬರೆಯುವುದಕ್ಕೂ ಮನೆಯ ಲೆಕ್ಕಕ್ಕೂ ಲಿಬ್ರೆ ಆಫೀಸ್, ಬ್ಯಾಂಕಿನ ವ್ಯವಹಾರಕ್ಕೂ ದೂರದಲ್ಲಿರುವ ಮಗಳ ಮುಖ ನೋಡುವುದಕ್ಕೂ ಫೈರ್‌ಫಾಕ್ಸ್. ನಿತ್ಯದ ಕೆಲಸವಾವುದೂ ನಿಂತಿಲ್ಲ.

ದೋಷಗಳನ್ನು ಮುಚ್ಚಿಡುವುದು ಉಪಾಧ್ಯಾಯನಿಗೆ ಧರ್ಮವಲ್ಲ. ವಿಂಡೋಸಿಗೆಂದೇ ರಚಿತವಾದ ಕೆಲವು ವ್ಯಾಪಾರದ ತಂತ್ರಾಂಶಗಳೂ ಮಕ್ಕಳ ಆಟಗಳೂ ಇಲ್ಲಿ ನಡೆಯುವುದಿಲ್ಲ. ನಮ್ಮ ಹಳೆಯ ಪ್ರಿಂಟರು ಎರಡು ದಿನ ಹಟ ಹಿಡಿದು ಆಮೇಲೆ ಒಲಿಯಿತು. ಸಂದೇಹ ಬಂದರೆ ಬೀದಿಯ ಅಂಗಡಿಯಲ್ಲಿ ಉತ್ತರ ಹೇಳುವವರಿಲ್ಲ. ತಾಳ್ಮೆಯಿಂದ ಓದಿಯೇ ತಿಳಿಯಬೇಕು.

ಇಂತಹ ಯಂತ್ರವುಳ್ಳವರಿಗೆ ನನ್ನ ವಿನಂತಿಯಿಷ್ಟೆ. ಎಸೆಯುವುದಕ್ಕೆ ಮುನ್ನ ಪೆನ್ ಡ್ರೈವಿನಿಂದ ಪರೀಕ್ಷಿಸಿರಿ. ಸ್ಥಾಪನೆಗೆ ಮೊದಲು ನಿಮ್ಮ ಬರಹಗಳನ್ನೂ ಭಾವಚಿತ್ರಗಳನ್ನೂ ಬೇರೆಡೆಗೆ ನಕಲು ಮಾಡಿರಿ. ತಪ್ಪಿದರೆ ಅವು ಅಳಿಸಿಹೋಗಬಹುದು. ಕನ್ನಡದಲ್ಲಿ ಏನನ್ನು ಬರೆದರೂ ಯೂನಿಕೋಡಿನಲ್ಲಿಯೇ ಬರೆಯಿರಿ. ಯಂತ್ರವು ಇಂದಲ್ಲ ನಾಳೆ ಜೀರ್ಣವಾಗತಕ್ಕದ್ದೇ. ಬರಹವು ಅದರೊಡನೆ ಹೋಗಬೇಕಾದುದಿಲ್ಲ.

ತಿದ್ದಿದ ಕೋಶದ ಪ್ರತಿಯೊಂದನ್ನು ಆ ವಿದ್ಯಾರ್ಥಿಗೆ ಕಳುಹಿಸಿದೆನು. ಅವನ ಮಗಳು ಅದನ್ನು ತನ್ನ ಮೊಬೈಲಿನಲ್ಲಿ ತೆರೆದು ಓದಿದಳಂತೆ, ಒಂದಕ್ಷರವೂ ಕೆಟ್ಟಿರಲಿಲ್ಲವಂತೆ.